ಹಾಯಿ ಇಳಿಸುವ ಹೊತ್ತು

ಎಲ್ಲರಿಗೂ ನಮಸ್ಕಾರ.

ತರಬೇತಿ ಹಾಯಿಹಡಗಿನಲ್ಲಿ ಅಧಿಕಾರಿ ಏನು ಕೆಲಸ ಮಾಡುತ್ತಾನೆ, ಅದನ್ನು ಹೇಳಿ ಅಂದಿದ್ದೀರಿ. ಕಾರವಾರದ ಮಕ್ಕಳಿಗೆ ಹಡಗು ಹೊಸದಲ್ಲ. 2025ರ ಮೇ ತಿಂಗಳಲ್ಲಿ ಇಲ್ಲಿನ ನೆಲೆಯಲ್ಲೇ ಕೌಂಡಿನ್ಯ ನೌಕಾಪಡೆಗೆ ಸೇರಿತು. ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟಿದ ಹಾಯಿಹಡಗು ಅದು. ನಾನು ಇವತ್ತು ಹೇಳುವುದು ಇನ್ನೊಂದು ಬಗೆಯ ಹಡಗಿನ ವಿಷಯ. ಕಲಿಸುವುದಕ್ಕೆಂದೇ ಕಟ್ಟಿದ ಹಡಗು.

ನಮ್ಮ ದೇಶದಲ್ಲಿ ತರಂಗಿಣಿ ಇದೆ. ಗೋವಾ ಶಿಪ್‌ಯಾರ್ಡ್‌ನಲ್ಲಿ ತಯಾರಾಗಿ 1997ರ ನವೆಂಬರ್‌ನಲ್ಲಿ ನೌಕಾಪಡೆಗೆ ಸೇರಿತು. ಅದರ ತಂಗಿ ಸುದರ್ಶಿನಿ ಬಂದದ್ದು 2012ರಲ್ಲಿ. ಎರಡೂ ಕೊಚ್ಚಿಯಲ್ಲಿರುತ್ತವೆ. 54 ಮೀಟರ್ ಉದ್ದ, ಮೂರು ಮಾಸ್ಟ್, ಅಂದರೆ ಹಾಯಿ ಕಟ್ಟುವ ಎತ್ತರದ ಕಂಬ, 20 ಹಾಯಿ. ಮುಂದಿನ ಎರಡು ಮಾಸ್ಟ್‌ಗಳಲ್ಲಿ ಅಡ್ಡಮರಗಳಿಂದ ಇಳಿಬಿಟ್ಟ ಚೌಕ ಹಾಯಿಗಳು, ಹಿಂದಿನದರಲ್ಲಿ ಹಡಗಿನ ಉದ್ದಕ್ಕೆ ನಿಲ್ಲುವ ಹಾಯಿ. ಈ ಜೋಡಣೆಗೆ ಬಾರ್ಕ್ ಎನ್ನುತ್ತಾರೆ. 2003ರ ಜನವರಿಯಲ್ಲಿ ಕೊಚ್ಚಿಯಿಂದ ಹೊರಟ ತರಂಗಿಣಿ ಇಡೀ ಭೂಮಿಯನ್ನು ಸುತ್ತಿ 2004ರಲ್ಲಿ ವಾಪಸ್ ಬಂತು. ಕ್ಷಿಪಣಿ ಹಾರಿಸುವ ನೌಕಾಪಡೆಗೆ ಹಾಯಿ ಯಾಕೆ ಅಂತ ಕೇಳುವವರಿದ್ದಾರೆ. ಎಂಜಿನ್ ಹಡಗಿನಲ್ಲಿ ಗಾಳಿ ಎಂಬುದು ಪರದೆಯ ಮೇಲಿನ ಒಂದು ಅಂಕಿ. ಇಲ್ಲಿ ಅದೇ ಗಾಳಿ ನಿಮ್ಮ ಅಂಗೈಯಲ್ಲಿರುವ ಹಗ್ಗವನ್ನು ಎಳೆಯುತ್ತದೆ. ಅಷ್ಟು ಹೇಳಿದರೆ ಸಾಕು ಅಂದುಕೊಳ್ಳುತ್ತೇನೆ.

ಈಗ ಕೆಲಸದ ವಿಷಯ. ನಾನು ಇಂಥ ಹಡಗಿನಲ್ಲಿ ವಾಚ್ ನಿಂತವನು. ವಾಚ್ ಅಂದರೆ ಪಾಳಿ. ದಿನವನ್ನು ನಾಲ್ಕು ನಾಲ್ಕು ಗಂಟೆಗೆ ಹಂಚಿರುತ್ತಾರೆ. ಸಂಜೆ 4ರಿಂದ 8ರ ಪಾಳಿಯನ್ನು ಮಾತ್ರ ಎರಡು ತುಂಡು ಮಾಡುತ್ತಾರೆ. ಹಾಗೆ ಮಾಡಿದಾಗ ದಿನಕ್ಕೆ ಏಳು ಪಾಳಿ ಆಗುತ್ತವೆ. ಬೆಸ ಸಂಖ್ಯೆ ಬಂದರೆ ಪಾಳಿ ತಾನಾಗಿ ತಿರುಗುತ್ತದೆ, ನಡುರಾತ್ರಿಯ ಪಾಳಿ ಪ್ರತಿದಿನ ಒಂದೇ ಗುಂಪಿನ ತಲೆಗೆ ಬೀಳುವುದಿಲ್ಲ.

ಆ ನಾಲ್ಕು ಗಂಟೆ ಹಡಗಿನ ದಿಕ್ಕು, ಹಾಯಿ, ಸುತ್ತಲಿನ ಹಡಗುಗಳು, ಮೋಡ, ಎಲ್ಲವೂ ಅಧಿಕಾರಿಯ ಜವಾಬ್ದಾರಿ. ಆದರೆ ಚುಕ್ಕಾಣಿ ಹಿಡಿದವನು ಕೆಡೆಟ್, ಅಂದರೆ ತರಬೇತಿಗೆ ಬಂದ ವಿದ್ಯಾರ್ಥಿ. ದೂರಕ್ಕೆ ಕಣ್ಣಿಟ್ಟು ನಿಂತವಳು ಕೆಡೆಟ್. ಹಗ್ಗ ಎಳೆಯುವವರೂ ಅವರೇ. ಅವರಲ್ಲಿ ಒಬ್ಬ ವಾಂತಿ ಮಾಡುತ್ತಿರುತ್ತಾನೆ. ಅವನನ್ನು ಕೆಳಗೆ ಕಳಿಸಿ ಮಲಗಿಸಬೇಕು ಅನ್ನಿಸುತ್ತದೆ, ಅಲ್ವಾ? ಆದರೆ ಹೆಚ್ಚಿನವರಿಗೆ ಒಳಗೆ ಹೋದರೆ ಇನ್ನೂ ಜಾಸ್ತಿ ಆಗುತ್ತದೆ. ಚುಕ್ಕಾಣಿ ಕೊಟ್ಟು, ದೂರದ ದಿಗಂತ ನೋಡು ಎಂದರೆ ಎಷ್ಟೋ ಸಲ ಅರ್ಧ ಗಂಟೆಯಲ್ಲಿ ಸುಧಾರಿಸಿಕೊಳ್ಳುತ್ತಾನೆ.

ಮಾಸ್ಟ್ ಹತ್ತುವುದು ಎಲ್ಲರಿಗೂ ಕುತೂಹಲದ ವಿಷಯ. ಗಾಳಿ ಬರುವ ಕಡೆಯಿಂದಲೇ ಹತ್ತಬೇಕು. ಆಗ ಗಾಳಿ ನಿಮ್ಮನ್ನು ಹಗ್ಗದ ಏಣಿಗೆ ಒತ್ತುತ್ತದೆ. ಆಚೆ ಕಡೆಯಿಂದ ಹತ್ತಿದರೆ ಏಣಿಯಿಂದ ದೂರಕ್ಕೆ ತಳ್ಳುತ್ತದೆ. ಮೇಲೆ ಅಡ್ಡಮರದ ಕೆಳಗೆ ಕಾಲಿಡಲು ಒಂದು ಹಗ್ಗ ಇರುತ್ತದೆ. ನೀವು ಅದರ ಮೇಲೆ ಹೆಜ್ಜೆ ಇಟ್ಟರೆ ಆಗಲೇ ನಿಂತವರ ಕಾಲಡಿಯ ಹಗ್ಗ ಜಗ್ಗುತ್ತದೆ. ಅದಕ್ಕೇ ಕಾಲಿಡುವ ಮೊದಲು ಕೂಗಿ ಹೇಳಬೇಕು. ಸೊಂಟದ ಕೊಕ್ಕೆ ಸಿಕ್ಕಿಸಿಕೊಳ್ಳಬೇಕು. ಒಂದು ಕೈ ನಿನಗೆ, ಒಂದು ಕೈ ಹಡಗಿಗೆ ಅಂತ ನಾವಿಕರು ಹೇಳುವುದು ಇಲ್ಲಿಗೇ. ಹೆದರಿದವರನ್ನು ಬೈದು ಹತ್ತಿಸಬಾರದು, ಇದು ನನ್ನ ಗಟ್ಟಿ ಅಭಿಪ್ರಾಯ. ಮೊದಲ ಹಂತದವರೆಗೆ ಹತ್ತಿ ಇಳಿದವರು ಮರುದಿನ ತಾವಾಗಿಯೇ ಇನ್ನೊಂದು ಹಂತ ಹತ್ತುತ್ತಾರೆ.

ನಾನು ಮುಖ್ಯವಾಗಿ ಹೇಳಬೇಕೆಂದು ಬಂದದ್ದು ಹಾಯಿ ಇಳಿಸುವ ಹೊತ್ತಿನ ಬಗ್ಗೆ. ಹಾಯಿ ಏರಿಸುವಾಗ ಎಲ್ಲರಿಗೂ ಖುಷಿ, ಫೋಟೋ ತೆಗೆಯುತ್ತಾರೆ. ಯಾವಾಗ ಇಳಿಸಬೇಕು ಎಂದು ತಿಳಿದವನೇ ಅಧಿಕಾರಿ.

ಗಾಳಿಯ ಲೆಕ್ಕ ನೋಡಿ. ನಾಟ್ ಅಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ, ಸುಮಾರು 1.85 ಕಿಲೋಮೀಟರ್ ವೇಗ. ವೇಗ ಎರಡರಷ್ಟಾದರೆ ಹಾಯಿಯ ಮೇಲಿನ ಒತ್ತಡ ನಾಲ್ಕರಷ್ಟಾಗುತ್ತದೆ. 15 ನಾಟ್ ಗಾಳಿಯಲ್ಲಿ ಆರಾಮವಾಗಿ ಹೋಗುತ್ತಿದ್ದ ಹಡಗಿಗೆ 30 ನಾಟ್ ಬಡಿದರೆ, ಅದು ಸ್ವಲ್ಪ ಜಾಸ್ತಿ ಗಾಳಿ ಅಲ್ಲ. ಇನ್ನೊಂದು ಮೋಸವೂ ಇದೆ. ಗಾಳಿ ಹಿಂದಿನಿಂದ 20 ನಾಟ್ ಬೀಸುತ್ತಿದೆ, ಹಡಗು 8 ನಾಟ್ ಓಡುತ್ತಿದೆ ಅಂದುಕೊಳ್ಳಿ. ಡೆಕ್ ಮೇಲೆ ನಿಂತವನಿಗೆ ತಾಗುವುದು 12 ಮಾತ್ರ. ಹಿತವಾದ ಗಾಳಿ, ಮಕ್ಕಳು ಹಾಡುತ್ತಿರುತ್ತಾರೆ. ಅದೇ ಹೊತ್ತಿಗೆ ಒಬ್ಬ ನೀರಿಗೆ ಬಿದ್ದ ಅನ್ನಿ. ಹಡಗನ್ನು ಗಾಳಿಯ ಕಡೆ ತಿರುಗಿಸಿದ ಕೂಡಲೇ ಪೂರ್ತಿ 20 ಮುಖಕ್ಕೆ ಹೊಡೆಯುತ್ತದೆ, ಅದರ ಮೇಲೆ ಹಡಗಿನ ವೇಗವೂ ಸೇರುತ್ತದೆ. ಆವರೆಗೆ ಸರಿ ಇದ್ದ ಹಾಯಿ ಈಗ ತೀರಾ ಜಾಸ್ತಿ.

ಇದಕ್ಕೆ ಕೆಡೆಟ್‌ಗಳನ್ನು ಸೇರಿಸಿ. ನುರಿತ ನಾವಿಕರು ಬೇಗ ಸುತ್ತಿಡುವ ಹಾಯಿಗೆ ಹೊಸಬರಿಗೆ ಅದರ ಮೂರ್ನಾಲ್ಕು ಪಟ್ಟು ಹೊತ್ತು ಬೇಕು. ಕತ್ತಲಲ್ಲಿ ಇನ್ನೂ ನಿಧಾನ. ಅಲ್ಲಿ ನೂರಕ್ಕೂ ಹೆಚ್ಚು ಹಗ್ಗಗಳಿರುತ್ತವೆ, ಯಾವುದು ಯಾವ ಗೂಟಕ್ಕೆ ಕಟ್ಟಿದೆ ಎಂದು ಮುಟ್ಟಿಯೇ ಗುರುತಿಸಬೇಕು. ಆದ್ದರಿಂದ ತರಬೇತಿ ಹಡಗಿನ ಅಧಿಕಾರಿ ಬೇರೆಯವರಿಗಿಂತ ಮೊದಲೇ ನಿರ್ಧಾರ ಮಾಡಬೇಕು. ಬರುವ ಗಾಳಿಗಿಂತ ಮೊದಲು, ಮಕ್ಕಳ ನಿಧಾನವನ್ನೂ ಲೆಕ್ಕ ಹಿಡಿದು. ತಾನೇ ಹೋಗಿ ಹಗ್ಗ ಎಳೆದರೆ ಬೇಗ ಮುಗಿಯುತ್ತದೆ, ನಿಜ. ಆಗ ಕೆಡೆಟ್ ಏನೂ ಕಲಿಯಲಿಲ್ಲ, ಹಡಗಿನ ಮೇಲೆ ಕಣ್ಣಿಡುವವರೂ ಯಾರೂ ಉಳಿಯಲಿಲ್ಲ.

ಇದು ಪುಸ್ತಕದ ಮಾತಲ್ಲ. ಕಾಂಕಾರ್ಡಿಯಾ ಎಂಬ ಹಡಗಿತ್ತು. ಕೆನಡಾದ ಒಂದು ಶಿಕ್ಷಣ ಸಂಸ್ಥೆಯ ತೇಲುವ ಶಾಲೆ, ಮೂರು ಮಾಸ್ಟ್. 2010ರ ಫೆಬ್ರವರಿಯಲ್ಲಿ ಬ್ರೆಜಿಲ್‌ನ ರೆಸೀಫೆಯಿಂದ ಉರುಗ್ವೆಯ ಮೊಂಟೆವಿಡಿಯೊ ಕಡೆ ಹೊರಟಿತ್ತು. ಹಡಗಿನಲ್ಲಿ 64 ಜನ, ಅವರಲ್ಲಿ 48 ವಿದ್ಯಾರ್ಥಿಗಳು. 17ನೇ ತಾರೀಖು ಮಧ್ಯಾಹ್ನ ಬಿರುಗಾಳಿಯ ಒಂದು ಹೊಡೆತಕ್ಕೆ ಹಡಗು ಮಗ್ಗುಲಾಗಿ ಬಿತ್ತು, ಸ್ವಲ್ಪ ಹೊತ್ತಿನಲ್ಲೇ ಮುಳುಗಿತು. ಎಲ್ಲ 64 ಜನ ಲೈಫ್‌ರಾಫ್ಟ್ ಸೇರಿದರು, ಸುಮಾರು 40 ಗಂಟೆ ಸಮುದ್ರದಲ್ಲಿ ತೇಲಿದರು. ಕೊನೆಗೆ ಸರಕು ಹಡಗುಗಳು ಬಂದು ಎತ್ತಿಕೊಂಡವು. ಒಬ್ಬರೂ ಸಾಯಲಿಲ್ಲ. ಹಡಗು ಬಿಟ್ಟು ಹೋಗುವ ಅಭ್ಯಾಸವನ್ನು ಆ ಮಕ್ಕಳು ಸರಿಯಾಗಿ ಮಾಡಿದ್ದರು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಕೆನಡಾದ ಸಾರಿಗೆ ಸುರಕ್ಷಾ ಮಂಡಳಿ ತನಿಖೆ ಮಾಡಿ 2011ರಲ್ಲಿ ವರದಿ ಕೊಟ್ಟಿತು. ಅದನ್ನು ಓದುವಾಗ ನನಗೆ ಹೊಟ್ಟೆ ತೊಳಸಿದಂತಾಯಿತು. ಅದು ಊಹಿಸಲಾಗದ ಗಾಳಿಯೇನೂ ಅಲ್ಲ. ಪಾಳಿಯಲ್ಲಿದ್ದ ಅಧಿಕಾರಿಗೆ ಬರುತ್ತಿದ್ದ ಅಪಾಯ ಅಪಾಯ ಅನ್ನಿಸಲಿಲ್ಲ, ಹಾಯಿ ಕಡಿಮೆ ಮಾಡಲಿಲ್ಲ. ಬಾಗಿಲು ಕಿಟಕಿಗಳು ತೆರೆದಿದ್ದವು, ನೀರು ಒಳಗೆ ನುಗ್ಗಿತು. ಈಗಿನ ಗಾಳಿಗೆ ಹಡಗು ಇಷ್ಟು ಡಿಗ್ರಿ ಬಾಗಿದ್ದರೆ, ಎಷ್ಟು ಜೋರಿನ ಹೊಡೆತ ಬಂದರೆ ಮುಳುಗೀತು ಎಂದು ತೋರಿಸುವ ನಕ್ಷೆ ಹಡಗಿನಲ್ಲೇ ಇತ್ತು. ಅದನ್ನು ಬಳಸಲು ಅಧಿಕಾರಿಗಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಇಂಥ ಹಡಗುಗಳ ಅಧಿಕಾರಿಗಳಿಗೆ ಈ ತರಬೇತಿ ಕಡ್ಡಾಯ ಆಗಬೇಕು ಎಂದು ನಾನು ಹೋದಲ್ಲೆಲ್ಲ ಹೇಳುತ್ತೇನೆ. ಮಕ್ಕಳಿಗೆ ಕಲಿಸುವವನು ಮೊದಲು ತಾನು ಕಲಿತಿರಬೇಕು, ಅಲ್ವಾ?

ಇನ್ನು ನಕ್ಷತ್ರಗಳ ವಿಷಯ. ಜಿಪಿಎಸ್ ಇದೆ, ಆದರೂ ದಿಗಂತದಿಂದ ನಕ್ಷತ್ರದ ಎತ್ತರ ಅಳೆಯುವ ಉಪಕರಣವಾದ ಸೆಕ್ಸ್‌ಟೆಂಟ್ ಕಲಿಸುತ್ತೇವೆ. ನಕ್ಷತ್ರವೂ ಬೇಕು, ದಿಗಂತವೂ ಕಾಣಬೇಕು. ಹಾಗಾಗಿ ಬೆಳಗಿನ ಜಾವ, ಸಂಜೆ ಮಬ್ಬಿನ ಸ್ವಲ್ಪ ಹೊತ್ತು ಮಾತ್ರ ಸಿಗುತ್ತದೆ. ಗಡಿಯಾರ ನಾಲ್ಕು ಸೆಕೆಂಡ್ ತಪ್ಪಿದರೆ ಸಮಭಾಜಕದ ಹತ್ತಿರ ಒಂದು ನಾಟಿಕಲ್ ಮೈಲಿ ತಪ್ಪಿದಂತೆ. ಧ್ರುವ ನಕ್ಷತ್ರ ಸುಲಭ. ದಿಗಂತದಿಂದ ಅದರ ಎತ್ತರವೇ ಹೆಚ್ಚುಕಡಿಮೆ ನಿಮ್ಮ ಅಕ್ಷಾಂಶ. ಕಾರವಾರದಲ್ಲಿ ಅದು ಸುಮಾರು 15 ಡಿಗ್ರಿ ಮೇಲಿರುತ್ತದೆ, ಕೊಚ್ಚಿಯಲ್ಲಿ 10. ಈ 5 ಡಿಗ್ರಿ ಅಂದರೆ 300 ನಾಟಿಕಲ್ ಮೈಲಿ ತೆಂಕಣಕ್ಕೆ ಬಂದಿದ್ದೀರಿ ಅಂತ ಅರ್ಥ. ಅರಬ್ಬಿ ಸಮುದ್ರದ ಹಳೆಯ ನಾವಿಕರು ಗಂಟು ಹಾಕಿದ ದಾರಕ್ಕೆ ಒಂದು ಪುಟ್ಟ ಹಲಗೆ ಕಟ್ಟಿಕೊಂಡು ಇದನ್ನೇ ಅಳೆಯುತ್ತಿದ್ದರು. ಅದರ ಹೆಸರು ಕಮಾಲ್. ನೀವು ಇವತ್ತು ರಾತ್ರಿಯೇ ಮಾಡಿ ನೋಡಬಹುದು, ಖರ್ಚಿಲ್ಲ.

ಕೊನೆಯದಾಗಿ ಒಂದು ಬೇಡಿಕೆ. ತರಂಗಿಣಿಯ ವಿನ್ಯಾಸ ಮಾಡಿದವರು ಬ್ರಿಟನ್ನಿನ ಕಾಲಿನ್ ಮ್ಯೂಡಿ. ಲಾರ್ಡ್ ನೆಲ್ಸನ್ ಎಂಬ ಹಡಗೂ ಅವರದೇ ವಿನ್ಯಾಸ. ಅಂಗವಿಕಲರು ಮತ್ತು ಉಳಿದವರು ಒಟ್ಟಿಗೆ ನಡೆಸಲಿ ಎಂದು ಕಟ್ಟಿದ ಹಡಗು ಅದು. ಗಾಲಿಕುರ್ಚಿಯಲ್ಲಿರುವವರೂ ಅಲ್ಲಿ ಪಾಳಿ ನಿಂತರು, ಮಾಸ್ಟ್ ಮೇಲೆ ಹೋದರು. ನಾರ್ವೆಯಲ್ಲೂ ಸಾಮಾನ್ಯ ಮನೆಯ ಹುಡುಗ ಹುಡುಗಿಯರಿಗೆ ಇಂಥ ಹಡಗುಗಳಲ್ಲಿ ಜಾಗ ಇದೆ. ನಮಗೂ ಅಂಥದ್ದು ಬೇಕು, ಸಮವಸ್ತ್ರ ಹಾಕದ ಮಕ್ಕಳಿಗಾಗಿ. ಮಂಗಳೂರಿನಿಂದ ಕಾರವಾರದವರೆಗೆ ಬಂದರುಗಳಿವೆ, ಮೀನುಗಾರರ ಮಕ್ಕಳಿದ್ದಾರೆ. ಗಂಟು ಕಟ್ಟುವುದನ್ನು ಅವರಿಂದ ನಾನೇ ಕಲಿಯಬೇಕು. ಇಲ್ಲಿ ಕಾಲೇಜಿನ ಮುಖ್ಯಸ್ಥರು ಕೂತಿದ್ದಾರೆ, ಬಂದರು ಇಲಾಖೆಯವರೂ ಇದ್ದಾರೆ. ಚಹಾ ಹೊತ್ತಿಗೆ ನಾವು ಮೂರೂ ಜನ ಒಟ್ಟಿಗೆ ಕೂತು ಈ ಮಾತು ಶುರು ಮಾಡೋಣ. ಅಲ್ಲಿಯವರೆಗೆ ನಿಮ್ಮ ಪ್ರಶ್ನೆಗಳನ್ನು ಕೇಳಿ.