ಅಟ್ಟದ ಮೇಲಿನ ಹಂಡೆ ಯಾರದ್ದು?

ಎಲ್ಲರಿಗೂ ನಮಸ್ಕಾರ.

ಹಿರಿಯರು ಬಿಟ್ಟುಹೋದ ಸಾಮಾನನ್ನು ಏನು ಮಾಡೋದು, ಮನೆ ಹಗುರ ಮಾಡೋದು ಹೇಗೆ ಅಂತ ಮಾತಾಡಲು ಕರೆದಿದ್ದೀರಿ. ಶಿವಮೊಗ್ಗದ ನನ್ನ ಮನೆಯ ಅಡುಗೆಮನೆ ನೋಡಿದ್ದರೆ ಖಂಡಿತ ಕರೆಯುತ್ತಿರಲಿಲ್ಲ. ಒಂದು ಅಟ್ಟ ಖಾಲಿ ಮಾಡಿದ್ದೇನೆ, ಅಷ್ಟೇ. ಅದಕ್ಕೆ ಮೂರು ವರ್ಷ ಹಿಡಿಯಿತು.

ಆ ಅಟ್ಟ ಇರೋದು ಸಾಗರದ ಕಡೆ, ನಮ್ಮ ಹಳ್ಳಿಮನೆಯಲ್ಲಿ. ಅತ್ತೆ ತೀರಿಕೊಂಡ ಮೇಲೆ ಬೀಗದ ಕೈ ನನ್ನ ಹತ್ತಿರ ಬಂತು. ಹಿರಿಸೊಸೆ ಅಲ್ವಾ. ಹತ್ತಿ ನೋಡಿದೆ. ತಾಮ್ರದ ಹಂಡೆ ಎರಡು, ಒಂದರ ತಳ ತೂತು. ಮರದ ಮರಿಗೆ. ತೊಟ್ಟಿಲು. ಗದ್ದೆ ನೆಟ್ಟಿಗೆ ಹೋಗುವಾಗ ಹೊದೆಯುತ್ತಿದ್ದ ಗೊರಬು. ಕೊಳಗ, ಸೇರು, ಪಾವು. 1960ರ ದಶಕದಲ್ಲಿ ಕಿಲೋ, ಲೀಟರು ಕಡ್ಡಾಯವಾದ ಮೇಲೆ ಅಂಗಡಿಯಲ್ಲಿ ಅವಕ್ಕೆ ಕೆಲಸವಿಲ್ಲ. ಹದಿನೇಳು ಮೆಟ್ಟುಗತ್ತಿ. ಅಡಿಕೆ ಸುಲಿಯುವ ಯಂತ್ರ ಬಂದ ಮೇಲೆ ಅವೂ ಅಟ್ಟ ಸೇರಿದವು. ಕಾಲು ಮುರಿದ ಕುರ್ಚಿ, ಅದರ ಮೇಲೆ ಇನ್ನೊಂದು ಕಾಲು ಮುರಿದ ಕುರ್ಚಿ.

ಎಲ್ಲದರ ಫೋಟೊ ತೆಗೆದು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದೆ. ಬೇಡದ್ದನ್ನು ಕೊಟ್ಟುಬಿಡಲಾ ಅಂತ ಕೇಳಿದೆ. ಬೆಂಗಳೂರಿನಿಂದ ಮೈದುನನ ಉತ್ತರ ಎರಡೇ ನಿಮಿಷಕ್ಕೆ ಬಂತು: "ಅತ್ತಿಗೆ, ಇರ್ಲಿ." ನಾದಿನಿ ಫೋನೇ ಮಾಡಿದಳು. "ಅತ್ತಿಗೆ, ಆ ಹಂಡೆ ಮಾತ್ರ ಕೊಡ್ಬೇಡಿ. ನಾನು ಮಿಂದು ಬೆಳೆದಿದ್ದೇ ಅದ್ರಲ್ಲಿ." ಹಾಗಾದರೆ ನೀನೇ ತಗೊಂಡು ಹೋಗು ಮಾರಾಯ್ತಿ ಅಂದೆ. "ಅಯ್ಯೋ, ಫ್ಲಾಟಲ್ಲಿ ಎಲ್ಲಿಡ್ಲಿ?"

ಯಾರಿಗೂ ಬೇಡ. ಯಾರೂ ಬಿಡುವುದೂ ಇಲ್ಲ. ಇದು ಬರೀ ಪ್ರೀತಿ ಅಂತ ಮೊದಲು ಅಂದುಕೊಂಡಿದ್ದೆ. ಆಮೇಲೆ ಒಂದು ದಿನ ಬೇರೆ ಏನೋ ಹುಡುಕುವಾಗ ನಮ್ಮ ಪಾಲುಪಟ್ಟಿ ಕೈಗೆ ಸಿಕ್ಕಿತು. ಅದರಲ್ಲಿ ತೋಟದ ಗುಂಟೆ ಗುಂಟೆಯ ಲೆಕ್ಕ ಇದೆ. ಬಾವಿಗೆ ಹೋಗುವ ದಾರಿ ಇದೆ. ಬೇಲಿ ಮೇಲಿನ ಹಲಸಿನ ಮರದಲ್ಲಿ ಯಾರಿಗೆ ಎಷ್ಟು ಕಾಯಿ ಅಂತಲೂ ಇದೆ. ಕೊನೆಯಲ್ಲಿ ಒಂದು ಸಾಲು: "ಪಾತ್ರೆ ಪಡಗ ಇತ್ಯಾದಿ ಸಾಮಾನು ಮುಂದೆ ಮಾತಾಡಿಕೊಳ್ಳತಕ್ಕದ್ದು."

ಮಾತಾಡಿಕೊಂಡಿಲ್ಲ. ಇಪ್ಪತ್ತು ವರ್ಷ ದಾಟಿತ್ತು, ಮಾತಾಡಿಯೇ ಇರಲಿಲ್ಲ. ಆಗ ನನಗೆ ಹೊಳೆಯಿತು. ಅಟ್ಟದ ಮೇಲಿರೋದು ನೆನಪಲ್ಲ, ಪಾಲಾಗದ ಆಸ್ತಿ. ಎಲ್ಲರದ್ದೂ ಆದ್ದರಿಂದ ಒಬ್ಬರೂ ಕೈ ಹಚ್ಚುವಂತಿಲ್ಲ. ಊರಲ್ಲಿ ಉಳಿದವರು ಸಂಬಳವಿಲ್ಲದ ಕಾವಲುಗಾರರು. ಇಲ್ಲಿ ಕೂತಿರುವ ಹಿರಿಸೊಸೆಯರು ತಲೆ ಅಲ್ಲಾಡಿಸುತ್ತಿದ್ದೀರಿ, ಕಾಣ್ತಾ ಇದೆ.

"ಇರ್ಲಿ" ಅನ್ನುವವರಿಗೆ ಇನ್ನೊಂದು ವಿಷಯ ಗೊತ್ತಿರೋದಿಲ್ಲ. ಮಲೆನಾಡಿನಲ್ಲಿ ಸಾಮಾನು ಸುಮ್ನೆ ಇರೋದಿಲ್ಲ. ಹಿಂದೆ ಕೆಳಗೆ ಒಲೆ ಉರಿಯುತ್ತಿತ್ತು. ಹೊಗೆ ಅಟ್ಟಕ್ಕೆ ಏರುತ್ತಿತ್ತು. ಅಟ್ಟವೆಲ್ಲ ಕಪ್ಪಾಗುತ್ತಿತ್ತು ನಿಜ, ಆದರೆ ನಾಲ್ಕು ತಿಂಗಳ ಮಳೆಯಲ್ಲೂ ಒಣಗಿರುತ್ತಿತ್ತು. ಹುಳ ಹತ್ತಿರ ಬರುತ್ತಿರಲಿಲ್ಲ. ಗ್ಯಾಸ್ ಬಂತು, ಹೊಗೆ ನಿಂತಿತು. ಈಗ ಅಟ್ಟದಲ್ಲಿ ಬೂಷ್ಟು, ಒರಲೆ. ನಾವು ಕಾಪಾಡುತ್ತಿದ್ದೇವೆ ಅಂದುಕೊಂಡದ್ದು ನಿಧಾನಕ್ಕೆ ಮಣ್ಣಾಗುತ್ತಾ ಇರುತ್ತದೆ. ಕುಪ್ಪಳಿಯ ಕವಿಮನೆಗೆ ಹೋದಾಗ ಹಳೇ ಸಾಮಾನು ನೋಡಿ "ಇದು ನಮ್ಮನೇಲೂ ಇದೆ" ಅಂತ ಎಲ್ಲರೂ ಹೇಳುತ್ತೇವೆ. ಇದೆ, ನಿಜ. ಅಲ್ಲಿ ಒರೆಸುವವರಿದ್ದಾರೆ.

ಇಲ್ಲಿ ನಮ್ಮ ಮಾವನವರ ಮಾತು ಹೇಳಬೇಕು. ಅವರು ಮುಳುಗಡೆಯವರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು, ಶರಾವತಿ ನೀರು ಊರು ಹೊಕ್ಕಿತು. ಅಲ್ಲೇ ಮೊದಲಿದ್ದ ಹಿರೇಭಾಸ್ಕರ ಅಣೆಕಟ್ಟೆಯೇ ಮುಳುಗಿತು. ಈಗಲೂ ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ಮೇಲೆದ್ದು ಕಾಣುತ್ತದೆ. ಅಂಥದ್ದರಲ್ಲಿ ಮನೆ ಯಾವ ಲೆಕ್ಕ? ಮಾವನವರ ಮನೆಗೆ ಸಿಕ್ಕಿದ್ದು ಒಂದು ಲಾರಿ. ಕಂಬ ಕಿತ್ತರು, ಬಾಗಿಲ ಚೌಕಟ್ಟು ಬಿಚ್ಚಿದರು, ಹೆಂಚು ಇಳಿಸಿದರು. ಉಳಿದ ಜಾಗದಲ್ಲಿ ಹಂಡೆ, ತೊಟ್ಟಿಲು, ಬೀಜದ ಭತ್ತ. ಎರಡೇ ದಿನದಲ್ಲಿ ಎಲ್ಲ ತೀರ್ಮಾನ ಆಯಿತಂತೆ. ಲಾರಿಗೆ ಹಿಡಿಸದ್ದು ನೀರಿಗೆ.

ಏನೇನು ಬಿಟ್ಟು ಬಂದಿರಿ ಅಂತ ನಾನು ಎಷ್ಟೋ ಸಲ ಕೇಳಿದ್ದೇನೆ. ಪಾತ್ರೆಯ ಸುದ್ದಿ ಒಮ್ಮೆಯೂ ಎತ್ತಲಿಲ್ಲ ಅವರು. ಹೊಳೆದಂಡೆಯ ಒಂದು ಅಪ್ಪೆಮಿಡಿ ಮರದ ವಿಷಯ ಮಾತ್ರ ಹೇಳುತ್ತಿದ್ದರು. ಅದರ ಸೊನೆಯ ಪರಿಮಳ ಮತ್ತೆಲ್ಲೂ ಸಿಗಲಿಲ್ಲವಂತೆ. ಪ್ರತಿ ವರ್ಷ ಉಪ್ಪಿನಕಾಯಿ ಹಾಕುವಾಗ ಒಂದು ಮಿಡಿ ಮುರಿದು ಮೂಸುತ್ತಿದ್ದರು. ಏನೂ ಅನ್ನದೆ ಪಕ್ಕಕ್ಕೆ ಇಡುತ್ತಿದ್ದರು.

ಸರಿ, ನಮ್ಮ ಅಟ್ಟಕ್ಕೆ ಬರುತ್ತೇನೆ. ದೀಪಾವಳಿಗೆ ಎಲ್ಲರೂ ಊರಿಗೆ ಬಂದಾಗ ಪಾಲುಪಟ್ಟಿಯ ಆ ಸಾಲನ್ನು ಜಗಲಿಯಲ್ಲಿ ಜೋರಾಗಿ ಓದಿದೆ. ಇವತ್ತು ಮಾತಾಡೋಣ ಅಂದೆ. ಸಾಮಾನೆಲ್ಲ ಅಂಗಳಕ್ಕೆ ಇಳಿಸಿದೆವು. ಚೀಟಿ ಎತ್ತಿ ಸರದಿ ಮಾಡಿದೆವು. ಹೆಣ್ಣುಮಕ್ಕಳಿಗೂ ಸರದಿ. ನಿಯಮ ಎರಡೇ. ಆರಿಸಿಕೊಂಡವರು ಹಬ್ಬ ಮುಗಿಸಿ ಹೊರಡುವಾಗ ತಮ್ಮ ಕಾರಿನಲ್ಲೇ ಒಯ್ಯಬೇಕು. "ಇರ್ಲಿ" ಅಂದವರ ಮನೆಯಲ್ಲೇ ಅದು ಇರಬೇಕು.

ಎರಡನೇ ನಿಯಮ ಕೇಳಿದ ಮೇಲೆ ಆ ದಿನ "ಇರ್ಲಿ" ಅನ್ನುವ ಶಬ್ದವೇ ಬರಲಿಲ್ಲ. ಜನ ಆರಿಸಿಕೊಂಡದ್ದು ನೋಡಿ ನನಗೆ ಆಶ್ಚರ್ಯ. ಕಿರಿ ಮೈದುನ ಅಡಿಕೆ ಲೆಕ್ಕದ ಪುಸ್ತಕ ತಗೊಂಡ, ಅಪ್ಪನ ಅಕ್ಷರ ಇದೆ ಅಂತ. ಮಗಳು ಅಜ್ಜಿಯ ಕಡೆಗೋಲು ತಗೊಂಡಳು. ನಾದಿನಿಯ ಹಂಡೆ ಬಿಟ್ಟರೆ ದೊಡ್ಡ ಸಾಮಾನು ಯಾವುದನ್ನೂ ಯಾರೂ ಮುಟ್ಟಲಿಲ್ಲ.

ಜಗಳ ಆಗಲಿಲ್ಲವಾ ಅಂತ ಕೇಳಿದರೆ, ಆಯಿತು. ಒಂದು ಹಿತ್ತಾಳೆ ಚೊಂಬಿಗೆ. ಮಧ್ಯಾಹ್ನದ ಊಟ ತಣ್ಣಗಾಯಿತು. ಸಂಜೆಗೆ ಸರಿಹೋಯಿತು.

ಇನ್ನು ಕೊಡುವ ಮೊದಲು ನೋಡಬೇಕಾದ ಕೆಲವು ಸಂಗತಿ. ಕಾಗದದ ಪೆಟ್ಟಿಗೆಯನ್ನು ಹಾಗೇ ಗುಜರಿಗೆ ಹಾಕಬೇಡಿ. ಗೇಣಿ ಚೀಟಿ, 1974ರ ಭೂಸುಧಾರಣೆ ಕಾಲದಲ್ಲಿ ಗೇಣಿ ಜಮೀನಿಗಾಗಿ ಹಾಕಿದ ಡಿಕ್ಲರೇಷನ್ ಅರ್ಜಿಯ ಪ್ರತಿ ಅದರಲ್ಲೇ ಇರಬಹುದು. ಕಪ್ಪು ಬಟ್ಟೆ ಮಡಚಿಟ್ಟ ಹಾಗೆ ಏನಾದರೂ ಸಿಕ್ಕಿದರೆ ಒರೆಸುವ ಬಟ್ಟೆ ಮಾಡಿಕೊಳ್ಳಬೇಡಿ. ಅದು ಕಡತ ಇರಬಹುದು. ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದ ಬಟ್ಟೆಯ ಮೇಲೆ ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದರು. ಒದ್ದೆ ಕೈ ತಾಗಿದರೆ ಅಕ್ಷರ ಹೋಯಿತು. ಓಲೆಗರಿ ಸಿಕ್ಕಿದರೆ ಕೆಳದಿಯ ಮ್ಯೂಸಿಯಂನವರಿಗೆ ತೋರಿಸಿ, ಅಲ್ಲಿ ಅಂಥ ಕಟ್ಟುಗಳಿವೆ. ನೂರು ವರ್ಷ ದಾಟಿದ ವಿಗ್ರಹವನ್ನು ಅಮೆರಿಕದ ಮಗನ ಸೂಟ್‌ಕೇಸಿನಲ್ಲಿ ಕಳಿಸುವ ಯೋಚನೆ ಇದ್ದರೆ ಬಿಡಿ. 1972ರ ಪ್ರಾಚ್ಯವಸ್ತು ಕಾಯ್ದೆ ಪ್ರಕಾರ ಅದು ಅಪರಾಧ.

ಹಿತ್ತಾಳೆ ಪಾತ್ರೆ ಬಳಸುವ ಆಸೆ ಇದ್ದವರು ಮೊದಲು ಕಲಾಯಿ ಹಾಕಿಸಿ. ಪಾತ್ರೆ ಕಾಯಿಸಿ, ನವಸಾಗರ ಉಜ್ಜಿ, ತವರ ಸವರುತ್ತಾರೆ. ಅದಿಲ್ಲದೆ ಹುಳಿ ಬೇಯಿಸಿದರೆ ಕಿಲುಬುತ್ತದೆ. ಕಲಾಯಿಯವರು ಸಿಗೋದೇ ಕಷ್ಟ, ಸಿಕ್ಕಿದ ದಿನ ಪಕ್ಕದ ಮನೆಯವರನ್ನೂ ಕರೆಯಿರಿ.

ದೇವರ ಫೋಟೊಗಳ ವಿಷಯ. ಹಳೆಯದೆಲ್ಲ ಅರಳಿಕಟ್ಟೆಗೆ ಒರಗಿಸಿ ಬರುವುದು, ಇಲ್ಲವೇ ತುಂಗೆಗೆ ಬಿಡುವುದು ನಮ್ಮ ರೂಢಿ. ಹಾಗೆ ಮಾಡಬೇಡಿ. ಗಾಜು ಒಡೆದು ಮಕ್ಕಳ ಕಾಲಿಗೆ ಚುಚ್ಚುತ್ತದೆ. ಚೌಕಟ್ಟು, ಗಾಜು ಬಿಚ್ಚಿ ಗುಜರಿಗೆ ಕೊಡಿ. ಚಿತ್ರವನ್ನು ನಿಮ್ಮ ತೋಟದ ಮಣ್ಣಿಗೇ ಹಾಕಿ. ದೇವರು ಬೇಜಾರು ಮಾಡಿಕೊಳ್ಳೋದಿಲ್ಲ.

ತೂತಾದ ಹಂಡೆಯನ್ನು ತೂಕಕ್ಕೆ ಕೊಟ್ಟೆವು. ಬಂದ ದುಡ್ಡಿನಲ್ಲಿ ಸೂರಿನ ಹೆಂಚು ಬದಲಾಯಿತು. ಇನ್ನೊಂದನ್ನು ನಾದಿನಿಯ ಕಾರಿಗೆ ಹತ್ತಿಸಲು ನಾಲ್ಕು ಜನ ಹೆಣಗಿದರು, ಹಿಡಿಸಲಿಲ್ಲ. ಅವಳು ಸ್ವಲ್ಪ ಹೊತ್ತು ಅದರ ಕಂಠ ಹಿಡಿದುಕೊಂಡು ನಿಂತಳು. ಆಮೇಲೆ, "ಅತ್ತಿಗೆ, ಬಚ್ಚಲೊಲೆ ಮೇಲೇ ಕೂರಿಸಿಬಿಡಿ, ಹಬ್ಬಕ್ಕೆ ಬಂದಾಗ ಮೀಯ್ತೀನಿ" ಅಂದಳು. ನಿಯಮ ಮುರಿಯಿತು. ಮುರಿಯಲಿ ಅಂತ ನಾನೂ ಬಿಟ್ಟೆ. ಈಗ ಪ್ರತಿ ದೀಪಾವಳಿಗೆ ನೀರು ತುಂಬುವ ದಿನ ಅವಳೇ ಬಂದು ಹಂಡೆ ಬೆಳಗಿ, ಕೆಮ್ಮಣ್ಣು ಬಳಿದು, ಹಿಂಡ್ಲೆ ಬಳ್ಳಿ ಸುತ್ತುತ್ತಾಳೆ. ಹಂಡೆ ಅವಳದ್ದು, ಜಾಗ ನಮ್ಮದು.

ಮೆಟ್ಟುಗತ್ತಿ ಮಾತ್ರ ಹದಿನಾರು ಉಳಿದಿವೆ. ಮೂರು ಕೊಳಗವೂ ಉಳಿದಿವೆ. ಅವನ್ನು ಇವತ್ತು ಇಲ್ಲಿಗೇ ತಂದಿದ್ದೇನೆ, ಹೊರಗೆ ಕಾಫಿ ಟೇಬಲ್ಲಿನ ಪಕ್ಕ ಗೋಣಿ ಹಾಸಿ ಇಟ್ಟಿದ್ದೇನೆ. ಬೇಕಾದವರು ತಗೊಂಡು ಹೋಗಿ. ನನಗೆ ವಾಪಸ್ ತಂದುಕೊಡಬೇಡಿ.