ಫ್ರೆಡ್ ಅಸ್ಟೇರ್ ಕುಣಿತ ನೋಡುವುದು ಹೇಗೆ: ಅಭಿಮಾನಿಗಳ ಕಣ್ಣು ಎಲ್ಲಿರುತ್ತದೆ?

[ಕಪ್ಪು ತೆರೆ. ಟ್ಯಾಪ್ ಶೂಗಳ ಸದ್ದು ಮಾತ್ರ. ಹತ್ತು ಸೆಕೆಂಡಿನ ನಂತರ ನಿರೂಪಣೆ.]

ಮೈಕಲ್ ಜಾಕ್ಸನ್ 1988ರಲ್ಲಿ ತಮ್ಮ ಆತ್ಮಕಥೆಯನ್ನು ಪ್ರಕಟಿಸಿದಾಗ ಅದನ್ನು ಅರ್ಪಿಸಿದ್ದು ಒಬ್ಬ ನರ್ತಕನಿಗೆ. ‘ಸ್ಮೂತ್ ಕ್ರಿಮಿನಲ್’ ವಿಡಿಯೋದಲ್ಲಿ ಜಾಕ್ಸನ್ ತೊಟ್ಟ ಬಿಳಿ ಸೂಟು, ಬಿಳಿ ಹ್ಯಾಟು ನೆನಪಿದೆಯಲ್ಲ? ಅದರ ಮೂಲ 1953ರ ‘ದಿ ಬ್ಯಾಂಡ್ ವ್ಯಾಗನ್’ ಚಿತ್ರದ ಒಂದು ನೃತ್ಯ. ಎರಡೂ ಕಡೆ ಇರುವ ಹೆಸರು ಒಂದೇ: ಫ್ರೆಡ್ ಅಸ್ಟೇರ್. ಹುಟ್ಟಿದ್ದು 1899ರಲ್ಲಿ, ಅಮೆರಿಕದ ನೆಬ್ರಾಸ್ಕಾ ರಾಜ್ಯದ ಒಮಾಹಾದಲ್ಲಿ. ತೀರಿಕೊಂಡಿದ್ದು 1987ರಲ್ಲಿ.

ಅವರು ದೊಡ್ಡ ನರ್ತಕ ಎಂದು ಹೇಳಿ ಮುಗಿಸುವುದಕ್ಕೆ ಈ ವಿಡಿಯೋ ಬೇಕಾಗಿಲ್ಲ. ಅವರ ಅಭಿಮಾನಿಗಳು ಒಂದೇ ಹಾಡನ್ನು ಮತ್ತೆ ಮತ್ತೆ ಹಾಕಿಕೊಂಡು ಏನನ್ನು ನೋಡುತ್ತಾರೆ? ಅದನ್ನು ನೀವೂ ನೋಡಬೇಕಾದರೆ ನಿಮ್ಮ ಟಿವಿಯಲ್ಲಿ, ಹೆಡ್‌ಫೋನಿನಲ್ಲಿ ಏನು ಸರಿಯಿರಬೇಕು? ಇವತ್ತಿನ ವಿಷಯ ಅದು.

[ದೃಶ್ಯ: ರಂಗಮಂದಿರದ ಬಾಲ್ಕನಿಯಿಂದ ಕಾಣುವ ಖಾಲಿ ವೇದಿಕೆ.]

ಮೊದಲು ರಂಗಭೂಮಿಗೆ ಬರೋಣ. ಅಸ್ಟೇರ್ ಸಿನಿಮಾಕ್ಕೆ ಬಂದಾಗ ಹೊಸಬರಲ್ಲ, ಮೂವತ್ತು ದಾಟಿದ ಪಳಗಿದ ರಂಗನಟ. ಅಕ್ಕ ಅಡೆಲ್ ಜೊತೆ 1905ರಲ್ಲೇ, ಆರನೇ ವಯಸ್ಸಿನಲ್ಲಿ, ವಾಡ್‌ವಿಲ್ ವೇದಿಕೆ ಹತ್ತಿದ್ದರು. ಊರೂರು ತಿರುಗುವ ವಿವಿಧ ವಿನೋದಾವಳಿ ಪ್ರದರ್ಶನಗಳವು. ಮುಂದೆ ನ್ಯೂಯಾರ್ಕಿನ ದೊಡ್ಡ ರಂಗಮಂದಿರಗಳ ಕೇಂದ್ರವಾದ ಬ್ರಾಡ್‌ವೇಯಲ್ಲಿ 1924ರ ‘ಲೇಡಿ, ಬಿ ಗುಡ್’, 1927ರ ‘ಫನ್ನಿ ಫೇಸ್’. ಎರಡಕ್ಕೂ ಸಂಗೀತ ಜಾರ್ಜ್ ಗರ್ಶ್ವಿನ್, ಸಾಹಿತ್ಯ ಐರಾ ಗರ್ಶ್ವಿನ್. ಲಂಡನ್ನಿನಲ್ಲೂ ಈ ಜೋಡಿಗೆ ಅಷ್ಟೇ ಹೆಸರು. ಆಗ ಜನ ಹೆಚ್ಚಾಗಿ ಮೆಚ್ಚುತ್ತಿದ್ದದ್ದು ಅಕ್ಕನನ್ನು. 1932ರಲ್ಲಿ ಅಡೆಲ್ ಮದುವೆಯಾಗಿ ರಂಗ ಬಿಟ್ಟರು. ಅದೇ ವರ್ಷ ‘ಗೇ ಡಿವೋರ್ಸ್’ ನಾಟಕದಲ್ಲಿ ಅಸ್ಟೇರ್ ಒಬ್ಬರೇ ನಿಂತು ಕೋಲ್ ಪೋರ್ಟರ್ ಬರೆದ ‘ನೈಟ್ ಅಂಡ್ ಡೇ’ ಹಾಡಿದರು. 1933ರಲ್ಲಿ ಸಿನಿಮಾ.

ನಾಟಕ ನೋಡುವವರಿಗೆ ನರ್ತಕ ಯಾವಾಗಲೂ ತಲೆಯಿಂದ ಕಾಲಿನವರೆಗೆ ಇಡಿಯಾಗಿ ಕಾಣುತ್ತಾನೆ. ಕತ್ತರಿಸಿ ಜೋಡಿಸುವ ಮಾತೇ ಇಲ್ಲ. ತಪ್ಪು ಹೆಜ್ಜೆ ಬಿದ್ದರೆ ಎಲ್ಲರ ಕಣ್ಣಿಗೂ ಬಿತ್ತು. ಸಿನಿಮಾದಲ್ಲಿ ಹಾಗಲ್ಲ. ಆ ದಿನಗಳ ಹಾಲಿವುಡ್ ಹಾಡುಗಳಲ್ಲಿ ಕ್ಯಾಮೆರಾ ಒಮ್ಮೆ ಮುಖಕ್ಕೆ ಹೋಗುತ್ತಿತ್ತು, ಒಮ್ಮೆ ಬರೀ ಕಾಲುಗಳಿಗೆ, ಒಮ್ಮೆ ಮೇಲಿನಿಂದ ಕಾಣುವ ರಂಗೋಲಿಯಂಥ ಗುಂಪಿಗೆ. ನೃತ್ಯ ನಿರ್ದೇಶಕ ಬಸ್ಬಿ ಬರ್ಕ್ಲಿ ಈ ಶೈಲಿಯ ದೊಡ್ಡ ಹೆಸರು. ಅದಕ್ಕೂ ಅದರದೇ ಬೆರಗಿದೆ. ಆದರೆ ಅಲ್ಲಿ ಕುಣಿಯುವುದು ಹೆಚ್ಚಾಗಿ ಕ್ಯಾಮೆರಾ ಮತ್ತು ಸಂಕಲನ.

ಅಸ್ಟೇರ್ ಹಿಡಿದ ಪಟ್ಟು ಬೇರೆ. ನೃತ್ಯದುದ್ದಕ್ಕೂ ಪೂರ್ತಿ ದೇಹ ಚೌಕಟ್ಟಿನೊಳಗೇ ಇರಬೇಕು. ಕ್ಯಾಮೆರಾ ನರ್ತಕರ ಜೊತೆ ಸರಿಯಬೇಕು, ದೂರ ಮಾತ್ರ ಹೆಚ್ಚುಕಡಿಮೆ ಅಷ್ಟೇ ಉಳಿಯಬೇಕು. ಕಟ್ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ನೋಡುವವರ ಮುಖ ತೋರಿಸಲೆಂದು ನೃತ್ಯವನ್ನು ಮಧ್ಯೆ ಮುರಿಯುವುದಂತೂ ಆದಷ್ಟೂ ಬೇಡ. ಅಂದರೆ ನಾಟಕ ನೋಡುವವರಿಗಿದ್ದ ಒಳ್ಳೆಯ ಸೀಟನ್ನು ಅವರು ಸಿನಿಮಾದೊಳಕ್ಕೆ ತಂದರು. ಅಭಿಮಾನಿಗಳ ಮೆಚ್ಚುಗೆಯ ಬೇರು ಇರುವುದು ಇಲ್ಲೇ ಎಂಬುದು ನಮ್ಮ ಖಚಿತ ಅಭಿಪ್ರಾಯ. ಅವಿತುಕೊಳ್ಳಲು ಜಾಗವಿಲ್ಲದ ಕಡೆ ನಿಂತು, ಏನೂ ಕಷ್ಟವೇ ಇಲ್ಲವೆಂಬಂತೆ ಕುಣಿದವರು ಅವರು.

[ದೃಶ್ಯ: ‘ಟಾಪ್ ಹ್ಯಾಟ್’, ಮಳೆಯಲ್ಲಿ ಉದ್ಯಾನದ ಮಂಟಪ.]

ಒಂದು ಹಾಡು ತೆಗೆದುಕೊಳ್ಳೋಣ. 1935ರ ‘ಟಾಪ್ ಹ್ಯಾಟ್’, ಇರ್ವಿಂಗ್ ಬರ್ಲಿನ್ ಸಂಗೀತ, ಹಾಡು ‘ಈಸಂಟ್ ದಿಸ್ ಎ ಲವ್ಲಿ ಡೇ’. ಗುಡುಗು, ಮಳೆ. ಅಸ್ಟೇರ್ ಮತ್ತು ಅವರ ಜೋಡಿ ನಟಿ ಜಿಂಜರ್ ರಾಜರ್ಸ್ ಒಂದು ಮಂಟಪದಡಿ ಸಿಕ್ಕಿಕೊಂಡಿದ್ದಾರೆ. ಅವರ ಮೇಲೆ ಆಕೆಗೆ ಇನ್ನೂ ಅಷ್ಟೇನೂ ಒಲವಿಲ್ಲ. ಕುದುರೆ ಸವಾರಿಯ ಪ್ಯಾಂಟು ತೊಟ್ಟಿರುವುದರಿಂದ ಆಕೆಯ ಕಾಲಿನ ಪ್ರತಿ ಚಲನೆಯೂ ಸ್ಪಷ್ಟವಾಗಿ ಕಾಣುತ್ತದೆ.

ಇದನ್ನು ಮೂರು ಸಲ ನೋಡಿ.

ಮೊದಲನೇ ಸಲ ಕಥೆಗಾಗಿ. ಅಸ್ಟೇರ್ ಎದ್ದು ಸಿಳ್ಳೆ ಹಾಕುತ್ತಾ ಅಡ್ಡಾಡುತ್ತಾರೆ. ಹಿಂದಿನಿಂದ ರಾಜರ್ಸ್ ಅವರ ನಡಿಗೆಯನ್ನೇ ಅಣಕಿಸುತ್ತಾ ಬರುತ್ತಾರೆ. ಅವರು ಒಂದು ಹೆಜ್ಜೆ ಎಸೆದರೆ ಆಕೆ ಅದನ್ನೇ ಹಿಂದಿರುಗಿಸುತ್ತಾರೆ, ಆಮೇಲೆ ಸ್ವಲ್ಪ ಸೇರಿಸಿ ಕೊಡುತ್ತಾರೆ. ಬಹಳ ಹೊತ್ತು ಇಬ್ಬರೂ ಒಬ್ಬರನ್ನೊಬ್ಬರು ಮುಟ್ಟುವುದೇ ಇಲ್ಲ. ಕೊನೆಗೆ ಮಂಟಪದ ಅಂಚಿನಲ್ಲಿ ಕೂತು ಕೈ ಕುಲುಕುತ್ತಾರೆ. ಮುತ್ತಿಲ್ಲ, ಮಾತಿಲ್ಲ. ಬೇಡ ಎನ್ನುತ್ತಿದ್ದವಳು ಒಲಿದಳು ಎಂಬ ಕಥೆಯನ್ನು ನೃತ್ಯವೇ ಹೇಳಿ ಮುಗಿಸಿದೆ. ಈ ನೃತ್ಯವನ್ನು ಕಿತ್ತು ಹಾಕಿದರೆ ಚಿತ್ರದ ಕಥೆಯಲ್ಲೇ ಒಂದು ಕೊಂಡಿ ಕಳಚುತ್ತದೆ.

ಎರಡನೇ ಸಲ ಧ್ವನಿ ನಿಲ್ಲಿಸಿ, ಸೊಂಟದಿಂದ ಮೇಲೆ ಮಾತ್ರ ನೋಡಿ. ಟ್ಯಾಪ್ ಅಂದರೆ ಶೂ ತಳದ ಲೋಹವನ್ನು ನೆಲಕ್ಕೆ ಬಡಿದು ತಾಳ ಹೊಮ್ಮಿಸುವ ನೃತ್ಯ, ಹಾಗಾಗಿ ಎಲ್ಲರೂ ಕಾಲು ನೋಡುತ್ತಾರೆ. ಅಸ್ಟೇರ್ ಬೇರೆಯಾಗುವುದು ಭುಜ, ತೋಳು, ಬೆನ್ನಿನಲ್ಲಿ. ಕಾಲು ಎಷ್ಟೇ ಚುರುಕಾದರೂ ಮೇಲಿನ ದೇಹದಲ್ಲಿ ಬಿಗಿತ ಕಾಣುವುದಿಲ್ಲ. ಕೈಬೆರಳುಗಳನ್ನೂ ಗಮನಿಸಿ. ತಮ್ಮ ಅಂಗೈ ತೀರಾ ದೊಡ್ಡದು ಎಂಬ ಅಳುಕು ಅವರಿಗಿತ್ತು. ಅದಕ್ಕೇ ನಡುವಿನ ಎರಡು ಬೆರಳುಗಳನ್ನು ಒಳಕ್ಕೆ ಮಡಚುತ್ತಿದ್ದರು. ಒಮ್ಮೆ ಕಂಡರೆ ಆಮೇಲೆ ಪ್ರತಿ ಚಿತ್ರದಲ್ಲೂ ಕಾಣುತ್ತದೆ.

ಮೂರನೇ ಸಲ ಕಣ್ಣು ಮುಚ್ಚಿ ಬರೀ ಕೇಳಿ. ಅವರ ಟ್ಯಾಪ್ ಸದ್ದು ತಾಳಕ್ಕೆ ಸುಮ್ಮನೆ ಹೊಂದಿಕೊಂಡು ಹೋಗುವುದಿಲ್ಲ. ವಾದ್ಯಗಳು ಬಿಟ್ಟ ಜಾಗವನ್ನು ತುಂಬುತ್ತದೆ, ನಿರೀಕ್ಷಿಸಿದ ಪೆಟ್ಟನ್ನು ತಡೆದು ನಂತರ ಕೊಡುತ್ತದೆ. ಅಸ್ಟೇರ್ ಡ್ರಮ್ಮನ್ನೂ ಬಾರಿಸಬಲ್ಲವರಾಗಿದ್ದರು. 1948ರ ‘ಈಸ್ಟರ್ ಪರೇಡ್’ನ ಆಟಿಕೆ ಅಂಗಡಿಯ ನೃತ್ಯದಲ್ಲಿ ಡ್ರಮ್ಮುಗಳ ನಡುವೆಯೇ ಕುಣಿಯುತ್ತಾರೆ.

[ದೃಶ್ಯ: ಟಿವಿ ಪರದೆಯ ಚಿತ್ರ. ಎರಡು ಚೌಕಟ್ಟುಗಳು ಅಕ್ಕಪಕ್ಕ.]

ಈಗ ತುಂಬಾ ಜನ ಎಡವುವ ಜಾಗ. ನೋಡಿದೆವು, ಅಂಥದ್ದೇನೂ ಕಾಣಲಿಲ್ಲ ಎನ್ನುವವರಲ್ಲಿ ಅನೇಕರು ಕೆಟ್ಟ ಪ್ರತಿ ನೋಡಿರುತ್ತಾರೆ, ಇಲ್ಲವೇ ಟಿವಿಯ ಸೆಟ್ಟಿಂಗ್ ಕೈಕೊಟ್ಟಿರುತ್ತದೆ.

ಮೊದಲನೆಯದು ಚೌಕಟ್ಟು. ‘ದಿ ಬ್ಯಾಂಡ್ ವ್ಯಾಗನ್’ವರೆಗಿನ ಅಸ್ಟೇರ್ ಚಿತ್ರಗಳ ಅಗಲ, ಎತ್ತರಕ್ಕಿಂತ 1.37 ಪಟ್ಟು. ಇಂದಿನ ಟಿವಿಯದು 1.78 ಪಟ್ಟು. ಹಾಗಾಗಿ ಎಡಬಲದಲ್ಲಿ ಕಪ್ಪು ಪಟ್ಟಿ ಇರಲೇಬೇಕು. ಪಟ್ಟಿ ಬೇಡವೆಂದು ಜೂಮ್ ಮಾಡಿದರೆ ಚಿತ್ರದ ಎತ್ತರದಲ್ಲಿ ಸುಮಾರು 23 ಶೇಕಡಾ ಕತ್ತರಿಸಿ ಹೋಗುತ್ತದೆ. ಮೇಲೆ ಅರ್ಧ, ಕೆಳಗೆ ಅರ್ಧ ಎಂದುಕೊಂಡರೂ ಹೋಗುವುದು ಪಾದಗಳೇ. ಜೂಮ್ ಬದಲು ಎಳೆದು ಹಿಗ್ಗಿಸಿದರೆ ದೇಹ 30 ಶೇಕಡಾ ಅಗಲವಾಗುತ್ತದೆ, ಆ ತೆಳ್ಳನೆಯ ರೇಖೆಯೇ ಕೆಡುತ್ತದೆ. ಸೆಟ್ಟಿಂಗ್‌ನಲ್ಲಿ ಮೂಲ ಅನುಪಾತ ಅಥವಾ 4:3 ಆರಿಸಿ. ಕೆಲವು ಅಪ್‌ಲೋಡ್‌ಗಳಲ್ಲಿ ಕತ್ತರಿಸಿಯೇ ಹಾಕಿರುತ್ತಾರೆ. ಶೂ ಕಾಣದಿದ್ದರೆ ಬೇರೆ ಪ್ರತಿ ಹುಡುಕಿ.

ಎರಡನೆಯದು ಮೋಷನ್ ಸ್ಮೂಥಿಂಗ್. ಸೆಕೆಂಡಿಗೆ 24 ಫ್ರೇಮಿನ ಚಿತ್ರಕ್ಕೆ ಟಿವಿ ತಾನೇ ಊಹಿಸಿದ ಫ್ರೇಮುಗಳನ್ನು ಸೇರಿಸುತ್ತದೆ. ವೇಗವಾದ ಕಾಲಿನ ಸುತ್ತ ಮಸುಕು ಮಸುಕಾದ ಅಂಚು ಬರುವುದು ಇದರಿಂದ. ಅದನ್ನು ಆಫ್ ಮಾಡಿ.

ಮೂರನೆಯದು ಬ್ಲೂಟೂತ್ ಹೆಡ್‌ಫೋನ್. ಧ್ವನಿ ಸೆಕೆಂಡಿನ ಹತ್ತನೇ ಒಂದು ಭಾಗ ತಡವಾದರೂ ಎರಡು ಫ್ರೇಮಿಗಿಂತ ಹೆಚ್ಚು ಹಿಂದೆ ಬಿದ್ದಂತೆ. ಮಾತಿನಲ್ಲಿ ಇದು ಅಷ್ಟಾಗಿ ತಿಳಿಯದು, ಟ್ಯಾಪ್‌ನಲ್ಲಿ ಕಾಲು ಒಂದು ಕಡೆ, ಸದ್ದು ಇನ್ನೊಂದು ಕಡೆ ಆಗಿಬಿಡುತ್ತದೆ. ತಂತಿಯ ಇಯರ್‌ಫೋನ್ ಅಥವಾ ಟಿವಿಯ ಸ್ಪೀಕರೇ ಸಾಕು.

ಇನ್ನೊಂದು ಸೂಕ್ಷ್ಮ, ಹಳೆಯ ಯುರೋಪಿಯನ್ ಡಿವಿಡಿಗಳಿಂದ ಬಂದ ಪ್ರತಿಗಳದ್ದು. ಅವುಗಳಲ್ಲಿ ಚಿತ್ರ ಸೆಕೆಂಡಿಗೆ 25 ಫ್ರೇಮಿನಂತೆ ಓಡುತ್ತದೆ, ಅಂದರೆ 4 ಶೇಕಡಾ ವೇಗ ಹೆಚ್ಚು. ಮೂರು ನಿಮಿಷದ ಹಾಡು ಏಳು ಸೆಕೆಂಡು ಬೇಗ ಮುಗಿಯುತ್ತದೆ. ಶ್ರುತಿ ಸರಿಪಡಿಸದಿದ್ದರೆ ಅರ್ಧ ಸ್ವರಕ್ಕಿಂತ ಸ್ವಲ್ಪ ಕಡಿಮೆ ಮೇಲೇರುತ್ತದೆ. ಅಸ್ಟೇರ್ ಅವರದು ಮೊದಲೇ ಹಗುರ ಕಂಠ, ಇಂಥ ಪ್ರತಿಯಲ್ಲಿ ಇನ್ನೂ ತೆಳುವಾಗಿ ಕೇಳುತ್ತದೆ.

[ದೃಶ್ಯ: ಅಭ್ಯಾಸ ಕೊಠಡಿ, ಪಿಯಾನೋ.]

ಆ ಸಲೀಸಿನ ಹಿಂದಿನ ಕೆಲಸವನ್ನು ಈಗ ನೋಡೋಣ. ಚಿತ್ರೀಕರಣಕ್ಕೆ ವಾರಗಟ್ಟಲೆ ಮೊದಲೇ ಅಸ್ಟೇರ್, ನೃತ್ಯ ಸಂಯೋಜಕ ಹರ್ಮಿಸ್ ಪ್ಯಾನ್ ಮತ್ತು ಪಿಯಾನೋ ವಾದಕ ಹಾಲ್ ಬೋರ್ನ್ ಒಂದು ಕೊಠಡಿ ಸೇರುತ್ತಿದ್ದರು. ಹೆಜ್ಜೆ ಕಟ್ಟುವಾಗ ಪ್ಯಾನ್ ಅವರೇ ರಾಜರ್ಸ್ ಜಾಗದಲ್ಲಿ ನಿಂತು ಕುಣಿದು, ಆಮೇಲೆ ಆಕೆಗೆ ಕಲಿಸುತ್ತಿದ್ದರು. ಟ್ಯಾಪ್ ಸದ್ದನ್ನು ಸಾಮಾನ್ಯವಾಗಿ ಚಿತ್ರೀಕರಣ ಮುಗಿದ ಮೇಲೆ ಬೇರೆಯಾಗಿ ಧ್ವನಿಮುದ್ರಿಸುತ್ತಿದ್ದರು. ಸೆಟ್ಟಿನಲ್ಲಿ ಪ್ಲೇಬ್ಯಾಕ್ ಸಂಗೀತ ಮೊಳಗುತ್ತಿರುವಾಗ ಕಾಲಿನ ಸದ್ದನ್ನು ಶುದ್ಧವಾಗಿ ಹಿಡಿಯಲಾಗದು. ಪರದೆಯ ಮೇಲಿನ ತಮ್ಮ ಕಾಲನ್ನೇ ನೋಡುತ್ತಾ ಅಸ್ಟೇರ್ ಪ್ರತಿ ಪೆಟ್ಟನ್ನೂ ಮತ್ತೆ ಹೊಂದಿಸಬೇಕಿತ್ತು. ರಾಜರ್ಸ್ ಅವರ ಟ್ಯಾಪ್ ಸದ್ದನ್ನು ಹೆಚ್ಚಾಗಿ ಕೊಟ್ಟವರು ಪ್ಯಾನ್.

ಕಟ್ ಬೇಡ ಎಂಬ ಹಟಕ್ಕೆ ಬೆಲೆಯೂ ಇತ್ತು. ಮೂರನೇ ನಿಮಿಷದಲ್ಲಿ ತಪ್ಪಿದರೆ ಮೊದಲಿಂದ ಶುರು. 1936ರ ‘ಸ್ವಿಂಗ್ ಟೈಮ್’ನ ‘ನೆವರ್ ಗೊನ್ನಾ ಡ್ಯಾನ್ಸ್’ ಇದಕ್ಕೆ ಹೆಸರಾದ ಉದಾಹರಣೆ. ಮೆಟ್ಟಿಲು ಹತ್ತಿ ಮುಗಿಯುವ ಆ ನೃತ್ಯಕ್ಕೆ 47 ಟೇಕ್ ಬೇಕಾಯಿತು, ರಾಜರ್ಸ್ ಅವರ ಪಾದದಲ್ಲಿ ರಕ್ತ ಬಂತು. ‘ಟಾಪ್ ಹ್ಯಾಟ್’ನ ‘ಚೀಕ್ ಟು ಚೀಕ್’ನಲ್ಲಿ ತೊಂದರೆ ಕೊಟ್ಟಿದ್ದು ಉಷ್ಟ್ರಪಕ್ಷಿಯ ಗರಿಗಳ ಗೌನು. ಸುತ್ತಿದಾಗಲೆಲ್ಲ ಗರಿ ಉದುರಿ ಅಸ್ಟೇರ್ ಅವರ ಕಪ್ಪು ಸೂಟಿಗೆ ಅಂಟುತ್ತಿತ್ತು. ಗರಿಗಳನ್ನು ಮತ್ತೆ ಬಿಗಿಯಾಗಿ ಹೊಲಿಸಿದರು. ಆದರೂ ಅಂತಿಮ ಚಿತ್ರದಲ್ಲಿ ಕೆಲವು ಗಾಳಿಯಲ್ಲಿ ತೇಲುತ್ತವೆ, ಹುಡುಕಿ ನೋಡಿ.

ರಾಜರ್ಸ್ ವಿಷಯಕ್ಕೆ ಬಂದೆವಲ್ಲ, ಒಂದು ಮಾತು. ಅಸ್ಟೇರ್ ಮಾಡಿದ್ದನ್ನೆಲ್ಲ ಆಕೆ ಹಿಮ್ಮುಖವಾಗಿ, ಹೈಹೀಲ್ಸ್ ತೊಟ್ಟು ಮಾಡಿದರು ಎಂಬ ಮಾತು ಎಲ್ಲೆಡೆ ಓಡಾಡುತ್ತದೆ. ಅದು ಆಕೆಯ ಮಾತಲ್ಲ, 1982ರಲ್ಲಿ ಬಾಬ್ ಥೇವ್ಸ್ ಬರೆದ ವ್ಯಂಗ್ಯಚಿತ್ರದ್ದು. ಇಬ್ಬರ ಜೋಡಿಯ 10 ಚಿತ್ರಗಳಲ್ಲಿ ಆಕೆಯ ನಿಜವಾದ ಬಲ ಅಭಿನಯ. ನೃತ್ಯ ಶುರುವಾದರೂ ಪಾತ್ರ ಬಿಟ್ಟುಕೊಡುವುದಿಲ್ಲ. ಕೇಳುವುದು, ಅನುಮಾನಿಸುವುದು, ಕರಗುವುದು ಎಲ್ಲವೂ ಹೆಜ್ಜೆಯ ನಡುವೆಯೇ ಮುಖದಲ್ಲಿ ಹಾದುಹೋಗುತ್ತದೆ. ಅಸ್ಟೇರ್ ಜೊತೆ ಆಕೆಗಿಂತ ಚುರುಕಾಗಿ ಕುಣಿದವರಿದ್ದಾರೆ, ಆದರೆ ಈ ಗುಣ ಆಕೆಯಷ್ಟು ಯಾರಲ್ಲೂ ಇಲ್ಲ.

[ದೃಶ್ಯ: ತಿರುಗುವ ಕೋಣೆಯ ರೇಖಾಚಿತ್ರ.]

ಕ್ಯಾಮೆರಾ ಚಮತ್ಕಾರವೇ ಬೇಡ ಎನ್ನುತ್ತಿದ್ದವರು ಅಸ್ಟೇರ್ ಅಲ್ಲ. 1951ರ ‘ರಾಯಲ್ ವೆಡ್ಡಿಂಗ್’ನಲ್ಲಿ ಗೋಡೆ ಹತ್ತಿ, ಚಾವಣಿಯಲ್ಲಿ ತಲೆಕೆಳಗಾಗಿ ಕುಣಿಯುತ್ತಾರೆ. ನಿರ್ದೇಶಕ ಸ್ಟ್ಯಾನ್ಲಿ ಡೋನನ್. ಇಡೀ ಕೋಣೆಯನ್ನು ದೊಡ್ಡದೊಂದು ತಿರುಗುವ ಚೌಕಟ್ಟಿನೊಳಗೆ ಕಟ್ಟಿ, ಕುರ್ಚಿ, ಮೇಜು, ಪರದೆ ಎಲ್ಲವನ್ನೂ ಅಲುಗಾಡದಂತೆ ಬಿಗಿದಿದ್ದರು. ಕ್ಯಾಮೆರಾ ಮತ್ತು ಅದರ ಚಾಲಕ ಕೂಡ ಕೋಣೆಗೇ ಕಟ್ಟಿಕೊಂಡು ಜೊತೆಗೇ ತಿರುಗುತ್ತಿದ್ದರು. ಹಾಗಾಗಿ ನಮಗೆ ಕೋಣೆ ನಿಂತೇ ಇದೆ, ಅಸ್ಟೇರ್ ಏರಿದಂತೆ ಕಾಣುತ್ತದೆ. ನಿಜವಾಗಿ ಅವರು ಯಾವಾಗಲೂ ನೆಲದ ಕಡೆಗೇ ನೇರವಾಗಿ ನಿಂತಿದ್ದಾರೆ, ತಿರುಗುತ್ತಿರುವುದು ಕೋಣೆ. ಗೋಡೆ ಮತ್ತು ನೆಲ ಸೇರುವ ಮೂಲೆಯನ್ನು ಗಮನಿಸಿ. ಕೋಣೆ ತಿರುಗುವ ಆ ಕ್ಷಣದಲ್ಲಿ ಅವರ ಭಾರ ಒಂದರಿಂದ ಇನ್ನೊಂದಕ್ಕೆ ದಾಟುವುದು ಅಲ್ಲೇ. ಆ ದಾಟುವಿಕೆಯನ್ನೂ ನೃತ್ಯದ ಹೆಜ್ಜೆಯಾಗಿಸಿದ್ದಾರೆ. ಅಮೆರಿಕದಲ್ಲಿ ಈ ಚಿತ್ರದ ಹಕ್ಕುಸ್ವಾಮ್ಯ ನವೀಕರಣವಾಗಲಿಲ್ಲ, ಅದಕ್ಕೇ ಮಾಸಲು ಪ್ರತಿಗಳು ಎಲ್ಲೆಂದರಲ್ಲಿ ಸಿಗುತ್ತವೆ. ಬಣ್ಣ ಶುದ್ಧೀಕರಿಸಿದ ಪ್ರತಿಯನ್ನೇ ಆರಿಸಿ.

ಅಭಿಮಾನಿಗಳು ಮುಚ್ಚಿಡಬಾರದ ಸಂಗತಿಯೂ ಒಂದಿದೆ. ‘ಸ್ವಿಂಗ್ ಟೈಮ್’ನಲ್ಲಿ ಮೂರು ದೈತ್ಯ ನೆರಳುಗಳ ಜೊತೆ ಕುಣಿಯುವ ‘ಬೋಜ್ಯಾಂಗಲ್ಸ್’ ನೃತ್ಯವನ್ನು ಅಸ್ಟೇರ್ ಮುಖಕ್ಕೆ ಕಪ್ಪು ಬಳಿದುಕೊಂಡು ಮಾಡಿದ್ದಾರೆ. ಕಪ್ಪು ವರ್ಣೀಯ ನರ್ತಕ ಬಿಲ್ ರಾಬಿನ್ಸನ್ ಅವರಿಗೆ ಸಲ್ಲಿಸಿದ ಗೌರವ ಅದು. ಆದರೂ ಬಳಸಿದ ರೂಢಿ ಆ ಜನರನ್ನೇ ಅವಮಾನಿಸುತ್ತಾ ಬಂದದ್ದು. ಹೆಜ್ಜೆಗಾರಿಕೆ ಮೇಲ್ಮಟ್ಟದ್ದು, ಬಣ್ಣ ಬಳಿದದ್ದು ತಪ್ಪು, ಎರಡನ್ನೂ ಹೇಳಬೇಕು. ಟ್ಯಾಪ್ ಕಲೆಯನ್ನು ಬೆಳೆಸಿದವರಲ್ಲಿ ಮುಂದಿನ ಸಾಲಿನಲ್ಲಿದ್ದವರು ಕಪ್ಪು ವರ್ಣೀಯ ಕಲಾವಿದರು. ಅಸ್ಟೇರ್ ನೋಡಿದ ಮೇಲೆ 1943ರ ‘ಸ್ಟಾರ್ಮಿ ವೆದರ್’ನಲ್ಲಿ ನಿಕೋಲಸ್ ಸಹೋದರರ ಮೆಟ್ಟಿಲು ನೃತ್ಯವನ್ನು ನೋಡಲೇಬೇಕು.

[ದೃಶ್ಯ: ‘ಸ್ವಿಂಗ್ ಟೈಮ್’, ಪಿಯಾನೋ ಮುಂದೆ ಅಸ್ಟೇರ್.]

ಹಾಡುಗಾರಿಕೆಯ ಬಗ್ಗೆ ಚಿಕ್ಕದಾಗಿ. ದೊಡ್ಡ ಕಂಠವಲ್ಲ. ಆದರೆ ಪದಗಳು ಮಾತಿನಷ್ಟೇ ಸ್ಪಷ್ಟ, ತಾಳ ಕರಾರುವಾಕ್ಕು. ಸಂಗೀತಕಾರರಾದ ಜೆರೋಮ್ ಕರ್ನ್, ಪೋರ್ಟರ್, ಬರ್ಲಿನ್, ಗರ್ಶ್ವಿನ್ ಇವರೆಲ್ಲ ಅವರಿಗಾಗಿ ಬರೆದರು. ‘ಚೀಕ್ ಟು ಚೀಕ್’ ಅಂದಿನ ರೂಢಿಯ 32 ಬಾರ್‌ಗಳ, ಅಂದರೆ ತಾಳದ ಆವರ್ತಗಳ, ಬದಲು 72 ಬಾರ್‌ಗಳ ಉದ್ದದ ಹಾಡು. ಅವರ ಬಾಯಲ್ಲಿ ಆ ಉದ್ದ ಭಾರವೆನಿಸುವುದಿಲ್ಲ. ‘ಸ್ವಿಂಗ್ ಟೈಮ್’ನ ‘ದಿ ವೇ ಯೂ ಲುಕ್ ಟುನೈಟ್’ ಆಸ್ಕರ್ ಪಡೆಯಿತು. ಚಿತ್ರದಲ್ಲಿ ಆ ಹಾಡು ಬರುವಾಗ ರಾಜರ್ಸ್ ತಲೆ ತುಂಬ ಶಾಂಪೂ ನೊರೆ.

ಎಲ್ಲಿಂದ ಶುರು ಮಾಡಬೇಕು ಎಂದರೆ ನಮ್ಮ ಕ್ರಮ ಇದು. ಮೊದಲು ‘ಟಾಪ್ ಹ್ಯಾಟ್’ ಪೂರ್ತಿ. ನಂತರ ‘ಸ್ವಿಂಗ್ ಟೈಮ್’ನ ‘ಪಿಕ್ ಯುವರ್‌ಸೆಲ್ಫ್ ಅಪ್’ ಮತ್ತು ‘ನೆವರ್ ಗೊನ್ನಾ ಡ್ಯಾನ್ಸ್’, ಒಂದರ ಹಿಂದೆ ಒಂದು. ಒಂದೇ ಜೋಡಿ, ಒಂದೇ ಚಿತ್ರ, ಒಂದರಲ್ಲಿ ಭೇಟಿ, ಇನ್ನೊಂದರಲ್ಲಿ ಅಗಲಿಕೆ. ಆಮೇಲೆ 1940ರ ‘ಬ್ರಾಡ್‌ವೇ ಮೆಲಡಿ’ಯ ‘ಬಿಗಿನ್ ದಿ ಬಿಗೀನ್’. ಅದರಲ್ಲಿ ಎಲಿನರ್ ಪವೆಲ್ ಅಸ್ಟೇರ್ ಅವರಿಗೆ ಸರಿಸಮವಾಗಿ ಟ್ಯಾಪ್ ಮಾಡುತ್ತಾರೆ. ಕೊನೆಗೆ ‘ದಿ ಬ್ಯಾಂಡ್ ವ್ಯಾಗನ್’ನಲ್ಲಿ ಸಿಡ್ ಚರೀಸ್ ಜೊತೆಗಿನ ‘ಡ್ಯಾನ್ಸಿಂಗ್ ಇನ್ ದಿ ಡಾರ್ಕ್’. ಟ್ಯಾಪ್ ಇಲ್ಲ, ಹಾಡಿನ ಸಾಲುಗಳೂ ಇಲ್ಲ, ಉದ್ಯಾನದಲ್ಲಿ ಇಬ್ಬರ ನಡಿಗೆ ಯಾವ ಹೆಜ್ಜೆಗೆ ನೃತ್ಯವಾಯಿತು ಎಂದು ಹುಡುಕಿ. ನಿಮಗೆ ಸಿಕ್ಕ ಹೆಜ್ಜೆಯ ನಿಮಿಷ, ಸೆಕೆಂಡು ಕಾಮೆಂಟಿನಲ್ಲಿ ಹಾಕಿ.