ಬಿಡುಗಡೆ ತಾರೀಖೇ ಇಲ್ಲದ ಜೈಲು

ಎಲ್ರಿಗೂ ನಮಸ್ಕಾರ. ಬೆಂಗಳೂರಿನ ಶೇಷಾದ್ರಿ ರೋಡಲ್ಲಿ ಓಡಾಡೋರಿಗೆ ಫ್ರೀಡಂ ಪಾರ್ಕ್ ಅಂದ್ರೆ ಧರಣಿ ಕೂರೋ ಜಾಗ ಅಷ್ಟೇ, ಆದ್ರೆ ಅದು ಮುಂಚೆ ಸೆಂಟ್ರಲ್ ಜೈಲು, ಎಮರ್ಜೆನ್ಸಿ ಶುರುವಾದಾಗ, 1975ರ ಜೂನ್ 26ಕ್ಕೆ, ಊರಲ್ಲೇ ಇದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಅವರನ್ನೆಲ್ಲ ಹಿಡಿದು ತಂದಿಟ್ಟಿದ್ದು ಇಲ್ಲೇ. ಆ ಕತೆ ಬೇಕಾದಷ್ಟು ಸಲ ಕೇಳಿದೀವಿ ಬಿಡಿ. ನಾನು ಹೇಳೋದು ಗೇಟಿನ ಹೊರಗೆ ನಿಂತೋರ ವಿಷ್ಯ.

ಶಿಕ್ಷೆ ಆದ ಕೈದಿ ಮನೇಲಿ ಒಂದು ಲೆಕ್ಕ ಇರುತ್ತೆ, ಇಷ್ಟು ವರ್ಷ ಕಳೀತು ಇನ್ನಿಷ್ಟು ಉಳೀತು ಅಂತ. ವಿಚಾರಣೆ ಇಲ್ದೆ ಜನರನ್ನ ಒಳಗಿಡೋ ಮೀಸಾ ಕಾಯ್ದೇಲಿ ಹಿಡಿದೋರ ಮನೇಲಿ ಆ ಲೆಕ್ಕವೇ ಇಲ್ಲ. ಚಾರ್ಜ್‌ಶೀಟಿಲ್ಲ, ವಾಯ್ದೆ ಇಲ್ಲ, ಸಾಲದ್ದಕ್ಕೆ ಎಮರ್ಜೆನ್ಸಿ ಟೈಮಲ್ಲಿ ಕಾಯ್ದೆ ತಿದ್ದಿ, ಯಾಕೆ ಹಿಡಿದ್ವಿ ಅಂತ ಕಾರಣಾನೂ ಕೊಡಬೇಕಾಗಿಲ್ಲ ಅಂತ ಮಾಡಿದ್ರು. ಅಕ್ಕಪಕ್ಕದೋರು "ಯಜಮಾನ್ರು ಏನ್ ಮಾಡಿದ್ರು?" ಅಂದ್ರೆ ಹೆಂಡತಿ ಏನಂತ ಹೇಳ್ಬೇಕು, ಅವಳಿಗೇ ಗೊತ್ತಿಲ್ಲ. ಕಳ್ಳತನ ಅಂದಿದ್ರೂ ಒಬ್ಬ ವಕೀಲರನ್ನ ಹಿಡಿದು ಸುಳ್ಳು ಅಂತ ವಾದ ಮಾಡಿಸಬಹುದಿತ್ತು, ಏನೂ ಅನ್ನದೇ ಇದ್ರೆ ಯಾವುದನ್ನ ಅಲ್ಲಗಳೀತೀರಿ? ಆಮೇಲೆ ಎಮರ್ಜೆನ್ಸಿ ಅತಿರೇಕಗಳ ತನಿಖೆ ಮಾಡಿದ ಶಾ ಆಯೋಗದ ಲೆಕ್ಕದಲ್ಲಿ ಮೀಸಾ ಕೈದಿಗಳೇ 34,988 ಜನ.

ಆಲಿಸ್ ಫರ್ನಾಂಡಿಸ್ ಅವರ ಮನೆ ನೋಡಿ, ಬೆಂಗಳೂರಿಂದೇ. ದೊಡ್ಡ ಮಗ ಜಾರ್ಜ್, ಎಮರ್ಜೆನ್ಸಿ ವಿರುದ್ಧ ನಿಂತ ಸಮಾಜವಾದಿ ನಾಯಕ, ಭೂಗತ. ಇನ್ನೊಬ್ಬ ಮಗ ಮೈಕೆಲ್ ಆಗ್ಲೇ ಮೀಸಾದಲ್ಲಿ ಒಳಗೆ. 1976ರ ಮೇ 1ರ ರಾತ್ರಿ ಪೊಲೀಸ್ರು ಬಂದು ಲಾರೆನ್ಸನ್ನ ಕರ್ಕೊಂಡು ಹೋದ್ರು, ಅವರಿಗೆ ಬೇಕಿದ್ದು ಜಾರ್ಜ್ ಎಲ್ಲಿದಾನೆ ಅನ್ನೋದು, ಅದಕ್ಕೆ ತಮ್ಮನಿಗೆ ಹೊಡೆತ. ಜಾರ್ಜ್ ಎಲ್ಲಿದಾನೋ ಯಾರಿಗೂ ಗೊತ್ತಾಗಬಾರದು ದೇವ್ರೇ ಅಂತಾನೂ ಬೇಡ್ಕೋಬೇಕು, ಲಾರೆನ್ಸ್ ಎಲ್ಲಿದಾನೋ ಗೊತ್ತಾಗ್ಲಿ ಅಂತಾನೂ ಬೇಡ್ಕೋಬೇಕು, ಒಂದೇ ತಾಯಿ. ಕೊನೆಗೆ ಜೈಲಲ್ಲಿ ನೋಡಿದಾಗ ಲಾರೆನ್ಸ್‌ಗೆ ಯಾರಾದ್ರೂ ಹಿಡ್ಕೊಳ್ಳದೆ ನಡೆಯೋಕಾಗ್ತಿರಲಿಲ್ಲ. ಆಯಮ್ಮ ರಾಷ್ಟ್ರಪತಿಗೇ ಪತ್ರ ಬರೆದ್ರು.

ಅದೇ ಮೇ ತಿಂಗಳಲ್ಲಿ ನಟಿ ಸ್ನೇಹಲತಾ ರೆಡ್ಡಿ ಅವರನ್ನೂ ಹಿಡಿದ್ರು. ಅವರಿಗೆ ಆಸ್ತಮಾ. ಯಾವ ಕೋರ್ಟೂ ತಪ್ಪಿತಸ್ಥೆ ಅನ್ಲಿಲ್ಲ, ಆದ್ರೂ ಎಂಟು ತಿಂಗಳು ಒಳಗೆ. 1977ರ ಜನವರಿ 15ಕ್ಕೆ ಪೆರೋಲ್ ಮೇಲೆ ಬಿಟ್ರು, 20ಕ್ಕೆ ತೀರ್ಕೊಂಡ್ರು. ಮನೆಯವರ ಪಾಲಿಗೆ ಸಿಕ್ಕಿದ್ದು ಐದು ದಿನ.

ಕೋರ್ಟಿಗೆ ಹೋಗಬಹುದಿತ್ತಲ್ಲ ಅಂತೀರಾ? ಹೋದ್ರು. ಒಂಬತ್ತು ಹೈಕೋರ್ಟುಗಳು ಇವರ ಅರ್ಜಿ ಕೇಳ್ತೀವಿ ಅಂದವು, 1976ರ ಏಪ್ರಿಲ್ 28ಕ್ಕೆ ಸುಪ್ರೀಂ ಕೋರ್ಟು ಕೇಳೋ ಹಾಗಿಲ್ಲ ಅಂತು, ಐದು ಜಡ್ಜುಗಳಲ್ಲಿ ಎಚ್.ಆರ್. ಖನ್ನಾ ಒಬ್ಬರೇ ಬೇರೆ ಬರೆದ್ರು. ಅಲ್ಲಿಗೆ ಮನೆಯವರಿಗಿದ್ದ ಆ ಒಂದು ಬಾಗಿಲೂ ಮುಚ್ತು. ಕೇರಳದಲ್ಲಿ ಇಂಜಿನಿಯರಿಂಗ್ ಓದ್ತಿದ್ದ ರಾಜನ್‌ನ 1976ರ ಮಾರ್ಚಲ್ಲಿ ಪೊಲೀಸ್ರು ಎತ್ತಾಕ್ಕೊಂಡು ಹೋದ್ರು, ಅಪ್ಪ ಈಚರ ವಾರಿಯರ್ ಕಂಡಕಂಡವರಿಗೆಲ್ಲ ಅರ್ಜಿ ಕೊಟ್ಟು ಕೊಟ್ಟು ಸಾಕಾಗಿ, ಕೊನೆಗೆ ಹೈಕೋರ್ಟಲ್ಲಿ ಹೇಬಿಯಸ್ ಕಾರ್ಪಸ್, ಅಂದ್ರೆ ಹಿಡಿದೋರನ್ನ ಕೋರ್ಟಿಗೆ ತಂದು ಒಪ್ಪಿಸಿ ಅನ್ನೋ ಅರ್ಜಿ, ಹಾಕೋಕಾಗಿದ್ದು ಎಮರ್ಜೆನ್ಸಿ ಮುಗಿದ್ಮೇಲೆ, 1977ರಲ್ಲಿ. ಅಷ್ಟೊತ್ತಿಗೆ ಒಂದು ವರ್ಷ ಆಗಿತ್ತು. ಹುಡುಗನ ಹೆಣಾನೂ ಸಿಗ್ಲಿಲ್ಲ.

ಆಮೇಲೆ ರಿಪೇರಿ ಆಗಿಲ್ಲ ಅಂತಲ್ಲ. 1978ರ 44ನೇ ತಿದ್ದುಪಡೀಲಿ, ಎಮರ್ಜೆನ್ಸಿ ಬಂದ್ರೂ ಜೀವ, ಸ್ವಾತಂತ್ರ್ಯದ ಹಕ್ಕು ಕೊಡೋ 21ನೇ ವಿಧಿ ಮುಟ್ಟೋ ಹಾಗಿಲ್ಲ ಅಂತಾಯ್ತು, 2017ರಲ್ಲಿ ನಮ್ಮ ನಿವೃತ್ತ ಜಡ್ಜು ಪುಟ್ಟಸ್ವಾಮಿ ಅವರ ಖಾಸಗಿತನದ ಹಕ್ಕಿನ ಕೇಸಲ್ಲಿ ಸುಪ್ರೀಂ ಕೋರ್ಟು ಆ 1976ರ ತೀರ್ಪನ್ನೇ ತೆಗೆದುಹಾಕ್ತು. ಆದ್ರೆ ಅದೇ 44ನೇ ತಿದ್ದುಪಡೀಲಿ ಇನ್ನೊಂದು ಕಲಮು ಇದೆ, ಬಂಧನ ಸರೀನಾ ಅಂತ ನೋಡೋ ಸಲಹಾ ಮಂಡಳಿ ಅಭಿಪ್ರಾಯ ಕೇಳದೆ ಮೂರು ತಿಂಗಳು ಹಿಡಿದಿಡಬಹುದು ಅನ್ನೋದನ್ನ ಎರಡು ತಿಂಗಳಿಗೆ ಇಳಿಸೋದು. ಪಾರ್ಲಿಮೆಂಟಲ್ಲಿ ಪಾಸಾಗಿದೆ, ರಾಷ್ಟ್ರಪತಿ ಅಂಕಿತ ಬಿದ್ದಿದೆ, ಜಾರಿ ಅಂತ ಒಂದು ನೋಟಿಫಿಕೇಷನ್ ಹೊರಡಿಸಬೇಕು ಅಷ್ಟೇ. ಆಮೇಲೆ ಬಂದ ಯಾವ ಪಕ್ಷದ ಸರ್ಕಾರಾನೂ ಹೊರಡಿಸಿಲ್ಲ. ನಮಸ್ಕಾರ.